ಎಡ್ಡಿ ಫಾಸ್ಟರ್ ಹೆಸರಿನ ತಟ್ಟೆ ಮತ್ತು ಲಕ್ಷ ಪೌಂಡಿನ ಆಸೆ

ಪ್ರಶ್ನೆ: ಮಾನ್ಯರೇ, ನಾನು ಕುಂದಾಪುರದ ಕಡೆಯವನು. ಏಳು ವರ್ಷಗಳಿಂದ ಇಂಗ್ಲೆಂಡಿನ ಬೋಲ್ಟನ್‌ನಲ್ಲಿ ಆಸ್ಪತ್ರೆಯ ಕೆಲಸದಲ್ಲಿದ್ದೇನೆ. ನೆರೆಮನೆಯ ಹಿರಿಯರೊಬ್ಬರು ಚಿಕ್ಕ ಮನೆಗೆ ಹೋಗುವ ಮುನ್ನ ಅರುವತ್ತು ಚಿಲ್ಲರೆ ಹಳೆಯ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತಿನ) ರೆಕಾರ್ಡುಗಳ ಪೆಟ್ಟಿಗೆಯನ್ನು ನನಗೆ ಸುಮ್ಮನೆ ಕೊಟ್ಟಿದ್ದಾರೆ. ಪ್ರಾಯದಲ್ಲಿ ಅವರು ‘ನಾರ್ದರ್ನ್ ಸೋಲ್’ ಎನ್ನುವ, ಅಮೆರಿಕದ ಕರಿಯ ಗಾಯಕರ ಹಳೆಯ ವೇಗದ ಹಾಡುಗಳಿಗೆ ರಾತ್ರಿಯಿಡೀ ಕುಣಿದವರು. ಪೆಟ್ಟಿಗೆಯಲ್ಲಿ ‘ಡೂ ಐ ಲವ್ ಯೂ’ ಎಂಬ ಹಾಡು ಎಡ್ಡಿ ಫಾಸ್ಟರ್ ಎಂಬವರ ಹೆಸರಿನಲ್ಲಿದೆ. ಹುಡುಕಿದರೆ ಇದೇ ಹಾಡಿನ ರೆಕಾರ್ಡು ಲಕ್ಷ ಪೌಂಡಿಗೆ ಹೋಗಿದೆ ಎಂದು ತಿಳಿದು ಎರಡು ದಿನ ನಿದ್ದೆ ಬರಲಿಲ್ಲ. ಇನ್ನೊಂದರ ಲೇಬಲ್ಲಿನ ಮೇಲೆ ಬಿಳಿ ಕಾಗದ ಅಂಟಿಸಿ ಬೇರೇನೋ ಹೆಸರು ಬರೆದಿದ್ದಾರೆ. ಕೀಳಬಹುದೇ? ಈ ಸಂಗೀತ ಹಿಡಿಸಿದ್ದರಿಂದ ಸಂತೆಯೊಂದರಲ್ಲಿ ಡೆಟ್ರಾಯ್ಟಿನ ಸಣ್ಣ ಕಂಪನಿಯ ರೆಕಾರ್ಡೊಂದಕ್ಕೆ 450 ಪೌಂಡ್ ಕೊಡಲು ಹೊರಟಿದ್ದೇನೆ. ಮಾರುವವರು ‘ಇದು ಚಿನ್ನವಿದ್ದಂತೆ, ಬೆಲೆ ಇಳಿಯುವುದಿಲ್ಲ’ ಎನ್ನುತ್ತಾರೆ. ಮುಂದೆ ಊರಿಗೆ ಮರಳಿದರೆ ಕರಾವಳಿಯ ಹವೆಯಲ್ಲಿ ಇವು ಬಾಳುತ್ತವೆಯೇ? ನನ್ನ ಹೆಂಡತಿ ಭರತನಾಟ್ಯ ಕಲಿತವಳು, ಆ ಕುಣಿತ ನೋಡಬೇಕು, ಸಾಧ್ಯವಾದರೆ ಕುಣಿಯಲೂ ಬೇಕು ಎನ್ನುತ್ತಿದ್ದಾಳೆ. ನಮ್ಮಂಥವರು ಅಲ್ಲಿಗೆ ಹೋದರೆ ಹೊರಗಿನವರಂತೆ ಕಾಣುತ್ತೇವೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಬುಡದಲ್ಲಿರುವ ಅಳುಕು ಒಂದೇ ಎಂದು ನನಗೆ ಅನಿಸುತ್ತದೆ: ಗೇಣಗಲವೂ ಇಲ್ಲದ ಒಂದು ರೆಕಾರ್ಡು ತಟ್ಟೆಗೆ ಇಷ್ಟು ಬೆಲೆ ಎಲ್ಲಿಂದ ಬಂತು, ಅದನ್ನು ನಂಬಬಹುದೇ ಎಂಬುದು. ಹಳೆಯ ಧ್ವನಿಮುದ್ರಿಕೆಗಳನ್ನು ಶುಚಿಗೊಳಿಸಿ ಪ್ರತಿ ಮಾಡುವ ಕೆಲಸದಲ್ಲಿ ಇಪ್ಪತ್ತೈದು ವರ್ಷ ಕಳೆದವನಾದ್ದರಿಂದ ಇಂಥ ಪೆಟ್ಟಿಗೆಗಳನ್ನು ಸಾಕಷ್ಟು ಬಿಚ್ಚಿದ್ದೇನೆ, ಮೋಸವನ್ನೂ ಹೋಗಿದ್ದೇನೆ. ಹಾಗಾಗಿ ನಿದ್ದೆ ಕೆಡಿಸಿದ ತಟ್ಟೆಯ ವಿಷಯವನ್ನೇ ಮೊದಲು ಮುಗಿಸಿಬಿಡೋಣ.

ಅದು ಲಕ್ಷ ಪೌಂಡಿನ ತಟ್ಟೆಯಲ್ಲ. ಆ ಹಾಡನ್ನು ಹಾಡಿದವರು ಫ್ರಾಂಕ್ ವಿಲ್ಸನ್. ಡೆಟ್ರಾಯ್ಟಿನ ಮೋಟೌನ್ ಕಂಪನಿ 1965ರಲ್ಲಿ ತನ್ನ ‘ಸೋಲ್’ ಎಂಬ ಲೇಬಲ್ಲಿಗಾಗಿ (ರೆಕಾರ್ಡು ಹೊರತರುವ ಬ್ರಾಂಡಿಗೂ ಲೇಬಲ್ ಎನ್ನುತ್ತಾರೆ) ಅದನ್ನು ಮುದ್ರಿಸಿತು. ರೇಡಿಯೊ ಕೇಂದ್ರಗಳಿಗೆ ಕಳುಹಿಸಲು ಒಂದಿಷ್ಟು ಪ್ರಚಾರ ಪ್ರತಿಗಳು ಅಚ್ಚಾದ ಮೇಲೆ, ವಿಲ್ಸನ್ ಗಾಯಕನಾಗುವುದಕ್ಕಿಂತ ಹಾಡು ಬರೆಯುವ, ನಿರ್ಮಿಸುವ ಕೆಲಸದಲ್ಲೇ ಮುಂದುವರಿಯಲೆಂದು ಬಿಡುಗಡೆ ನಿಂತುಹೋಯಿತು, ಪ್ರತಿಗಳು ನಾಶವಾದವು. ಉಳಿದದ್ದು ಎರಡೇ ಎಂದು ಸಂಗ್ರಾಹಕರು ಬಹುಕಾಲ ನಂಬಿದ್ದರು. ಒಂದು ಪ್ರತಿ 2009ರಲ್ಲಿ 25,742 ಪೌಂಡಿಗೆ ಹೋಯಿತು. 2020ರಲ್ಲಿ ನೀವು ಓದಿದ ಲಕ್ಷ ಪೌಂಡಿನ ಮಾರಾಟ ನಡೆಯಿತು. ಅವುಗಳ ಮೇಲಿರುವುದು ವಿಲ್ಸನ್ ಹೆಸರು.

ಹಾಗಾದರೆ ಎಡ್ಡಿ ಫಾಸ್ಟರ್ ಎಲ್ಲಿಂದ ಬಂದರು? 1970ರ ದಶಕದಲ್ಲಿ ಮೋಟೌನ್ ಸಂಗ್ರಹದಿಂದ ಹೊರಬಿದ್ದ ಒಂದು ಪ್ರತಿಯಿಂದ ಆ ಹಾಡು ಇಂಗ್ಲೆಂಡಿಗೆ ತಲುಪಿದಾಗ, ಅದು ಯಾರ ಹಾಡೆಂದು ಉಳಿದ ಡಿಜೆಗಳಿಗೆ ತಿಳಿಯಬಾರದೆಂದು ಈ ಹೆಸರನ್ನು ಹೊದಿಸಿದರು. ಉತ್ತರ ಇಂಗ್ಲೆಂಡಿನ ವಿಗನ್ ಕಸಿನೊ ಎಂಬ ನೃತ್ಯ ಕ್ಲಬ್ಬಿನ ನೆಲದಲ್ಲಿ ಅದಕ್ಕೆ ಕುಣಿದವರ ಪಾಲಿಗೆ ಅದು ಎಡ್ಡಿ ಫಾಸ್ಟರ್ ಹಾಡೇ ಆಗಿತ್ತು. ಬೇಡಿಕೆ ಏರಿದಾಗ ಅದೇ ಹೆಸರಿನಲ್ಲಿ ಅನುಮತಿಯಿಲ್ಲದ ಪ್ರತಿಗಳು ಅಚ್ಚಾಗಿ ಮಾರಾಟವಾದವು. ನಿಮ್ಮಲ್ಲಿರುವುದು ಅವುಗಳಲ್ಲಿ ಒಂದು. 1979ರಲ್ಲಿ ಮೋಟೌನ್‌ನದೇ ಲೇಬಲ್ಲಾದ ಟ್ಯಾಮ್ಲಾ ಮೋಟೌನ್ ಬ್ರಿಟನ್ನಿನಲ್ಲಿ ವಿಲ್ಸನ್ ಹೆಸರಿನಲ್ಲೇ ಟಿಎಂಜಿ 1170 ಎಂಬ ಸಂಖ್ಯೆಯೊಡನೆ ಅಧಿಕೃತವಾಗಿ ಹೊರತಂದಿತು. ಆದ್ದರಿಂದ ಒಂದೇ ಹಾಡಿಗೆ ಮೂರು ಜಾತಿಯ ತಟ್ಟೆಗಳಿವೆ: ಲಕ್ಷ ಪೌಂಡಿನ ಮೂಲ, ಕಾನೂನುಬದ್ಧವಾದ 1979ರದ್ದು, ಮತ್ತು ನಿಮ್ಮ ಮನೆಯಲ್ಲಿರುವ ಕಳ್ಳಪ್ರತಿ. ನೆರೆಮನೆಯವರು ನಿಮಗೆ ಏನನ್ನೋ ತಿಳಿಯದೆ ಕೊಟ್ಟರು ಎಂಬ ಪಾಪಪ್ರಜ್ಞೆ ಬೇಡ. ಆ ಕಾಲದಲ್ಲಿ ಕುಣಿದವರಿಗೆ ಈ ಕಥೆ ಚೆನ್ನಾಗಿಯೇ ಗೊತ್ತಿರುತ್ತದೆ.

ನಿಮ್ಮ ಉಳಿದ ಪ್ರಶ್ನೆಗಳಿಗೂ ಉತ್ತರ ಇದೇ ಕಥೆಯೊಳಗಿರುವುದರಿಂದ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ. 1960ರ ದಶಕದ ಡೆಟ್ರಾಯ್ಟ್, ಶಿಕಾಗೊ, ಫಿಲಡೆಲ್ಫಿಯಾ, ಲಾಸ್ ಏಂಜಲೀಸ್ ನಗರಗಳಲ್ಲಿ ಕರಿಯ ಗಾಯಕರ ಹಾಡುಗಳನ್ನು ಮುದ್ರಿಸುವ ಸಣ್ಣ ಕಂಪನಿಗಳು ನೂರಾರು ಇದ್ದವು. ಮೋಟೌನ್ ಗೆಲುವನ್ನು ಕಂಡು ಅದೇ ಅಚ್ಚಿನಲ್ಲಿ, ಎಷ್ಟೋ ಸಲ ಮೋಟೌನ್‌ನ ವಾದ್ಯಗಾರರನ್ನೇ ಗುಟ್ಟಾಗಿ ಕರೆಸಿಕೊಂಡು, ಗೋಲ್ಡನ್ ವರ್ಲ್ಡ್, ರಿಕ್‌ಟಿಕ್‌ನಂಥ ಲೇಬಲ್ಲುಗಳು ಹಾಡು ಮಾಡಿದವು. ಕೆಲವು ಗೆದ್ದವು. ಹೆಚ್ಚಿನವನ್ನು ರೇಡಿಯೊದವರು ಮುಟ್ಟಲಿಲ್ಲ, ಅಂಗಡಿಯವರು ಹಿಂದಿರುಗಿಸಿದರು, ಕಂಪನಿ ಬಾಗಿಲು ಹಾಕಿತು, ಉಳಿದ ಸರಕು ಗೋದಾಮಿನ ಮೂಲೆ ಸೇರಿತು. ಸಂಗ್ರಾಹಕರು ಇಂದು ‘ಅಪರೂಪ’ ಎನ್ನುವ ತಟ್ಟೆಯ ಮೊದಲ ಗುಣ ಅದು ಅಂದು ಸೋತದ್ದು.

ಇತ್ತ ಇಂಗ್ಲೆಂಡಿನ ಉತ್ತರದಲ್ಲಿ, ಹತ್ತಿಗಿರಣಿ, ಕಲ್ಲಿದ್ದಲು ಗಣಿ, ಕುಂಬಾರಿಕೆಯ ಕಾರ್ಖಾನೆಗಳ ಊರುಗಳ ಹುಡುಗ ಹುಡುಗಿಯರು ಮ್ಯಾಂಚೆಸ್ಟರಿನ ಟ್ವಿಸ್ಟೆಡ್ ವೀಲ್ ಎಂಬ ಕ್ಲಬ್ಬಿನಲ್ಲಿ ಈ ವೇಗದ, ಪ್ರತಿ ತಾಳಕ್ಕೂ ಏಟು ಬೀಳುವ ಹಾಡುಗಳಿಗೆ ಕುಣಿಯುವುದನ್ನು ರೂಢಿಸಿಕೊಂಡರು. ದಶಕದ ಕೊನೆಗೆ ಅಮೆರಿಕದ ಸಂಗೀತ ಫಂಕ್ ಎಂಬ ಬೇರೆ ಧಾಟಿಯ ಕಡೆಗೆ ಹೊರಳಿ ನಡೆ ಬದಲಿಸಿದಾಗ ಇವರು ಬದಲಾಗಲಿಲ್ಲ. ಲಂಡನ್ನಿನಲ್ಲಿ ಸೋಲ್ ಸಿಟಿ ಎಂಬ ರೆಕಾರ್ಡು ಅಂಗಡಿ ನಡೆಸುತ್ತಿದ್ದ ಪತ್ರಕರ್ತ ಡೇವ್ ಗಾಡಿನ್, ಫುಟ್ಬಾಲ್ ಪಂದ್ಯಕ್ಕೆಂದು ಉತ್ತರದಿಂದ ಬರುವ ಗಿರಾಕಿಗಳು ಹೊಸದನ್ನು ಬಿಟ್ಟು ಹಳೆಯ ಧಾಟಿಯದನ್ನೇ ಕೇಳುವುದನ್ನು ಗಮನಿಸಿ, ಅವರಿಗೆ ತೋರಿಸಬೇಕಾದ ಸರಕಿಗೆ ‘ನಾರ್ದರ್ನ್ ಸೋಲ್’ ಎಂದು ಹೆಸರಿಟ್ಟರು. ಹಾಡುವವರಾಗಲಿ ಹಾಡಾಗಲಿ ಉತ್ತರದ್ದಲ್ಲ. ಉತ್ತರದ್ದೆಂದರೆ ಕುಣಿಯುವ ಕಾಲುಗಳು ಮಾತ್ರ.

ಹೊಸ ಹಾಡು ತಯಾರಾಗುವುದು ನಿಂತಿದೆ, ನೆಲಕ್ಕೆ ಮಾತ್ರ ವಾರವಾರವೂ ಹೊಸದು ಬೇಕು. ಈ ಇಕ್ಕಟ್ಟಿಗೆ ಡಿಜೆಗಳು ಕಂಡುಕೊಂಡ ದಾರಿಯೇ ಹಳೆಯದರಲ್ಲಿ ಯಾರೂ ಕೇಳದ್ದನ್ನು ಅಗೆದು ತೆಗೆಯುವುದು. ಬ್ಲ್ಯಾಕ್‌ಪೂಲ್ ಮೆಕ್ಕಾ ಎಂಬ ನೃತ್ಯಶಾಲೆಯ ಡಿಜೆ ಇಯನ್ ಲೆವಿನ್ ಫ್ಲಾರಿಡಾದ ಹಳೆಯ ಸಾಮಾನಿನ ಅಂಗಡಿಗಳಿಂದ ಸಾವಿರಗಟ್ಟಲೆ ತಟ್ಟೆ ತಂದರು. ಕಿಂಗ್ಸ್ ಲಿನ್‌ನ ಜಾನ್ ಆಂಡರ್ಸನ್ ಅಮೆರಿಕದ ಗೋದಾಮುಗಳನ್ನು ಜಾಲಾಡಿ ತಮ್ಮ ಸೋಲ್ ಬೋಲ್ ವ್ಯಾಪಾರದ ಮೂಲಕ ಡಿಜೆಗಳಿಗೆ ಒದಗಿಸಿದರು. (ಹಡಗಿನ ತೂಕ ಸರಿದೂಗಿಸಲು ತಳದಲ್ಲಿ ಹೇರಿದ ರೆಕಾರ್ಡುಗಳು ಲಿವರ್‌ಪೂಲಿನಲ್ಲಿ ಇಳಿದವು ಎಂಬ ಕಥೆಯನ್ನು ನಿಮಗೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಹಾಡುಗಳನ್ನು ನೆಲಕ್ಕೆ ತಂದದ್ದು ಧೂಳು ಕುಡಿದು ಹುಡುಕಿದ ಇಂಥವರ ಬೆರಳುಗಳು.) ಡಿಜೆ ರಿಚರ್ಡ್ ಸರ್ಲಿಂಗ್ 1973ರಲ್ಲಿ ಅಮೆರಿಕದಿಂದ ತಂದ, ಗ್ಲೋರಿಯಾ ಜೋನ್ಸ್ ಹಾಡಿದ ‘ಟೇಂಟೆಡ್ ಲವ್’ ತನ್ನ ಕಾಲದಲ್ಲಿ ಹಿಂಬದಿಯ ಹಾಡಾಗಿ ಯಾರ ಕಣ್ಣಿಗೂ ಬೀಳದೆ ಹೋಗಿತ್ತು, 1981ರಲ್ಲಿ ಸಾಫ್ಟ್ ಸೆಲ್ ತಂಡ ಅದನ್ನು ಮತ್ತೆ ಹಾಡಿದಾಗ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು.

ಕಷ್ಟಪಟ್ಟು ತಂದದ್ದನ್ನು ಪಕ್ಕದ ಊರಿನ ಡಿಜೆ ಮುಂದಿನ ವಾರವೇ ಹಾಕಿದರೆ ಏನು ಲಾಭ? ಅದಕ್ಕಾಗಿ ಲೇಬಲ್ಲಿನ ಮೇಲೆ ಕಾಗದ ಅಂಟಿಸಿ ಸುಳ್ಳು ಹೆಸರು ಬರೆಯುವ ‘ಕವರ್ ಅಪ್’ ಪದ್ಧತಿ ಬೆಳೆಯಿತು. ನಿಮ್ಮ ಪೆಟ್ಟಿಗೆಯ ಬಿಳಿ ಕಾಗದದ ತಟ್ಟೆ ಈ ಪದ್ಧತಿಯದ್ದೇ ಇರಬೇಕು. ನಿಮ್ಮ ಹಿರಿಯರು ಡಿಜೆ ಆಗಿರಲಿಲ್ಲವಾದರೆ, ಯಾರೋ ಡಿಜೆಯಿಂದ ಕೈ ಬದಲಾಗಿ ಬಂದಿರಬಹುದು.

ಆ ಕಾಗದವನ್ನು ದಯವಿಟ್ಟು ಕೀಳಬೇಡಿ, ಒದ್ದೆಯನ್ನಂತೂ ಮಾಡಲೇಬೇಡಿ. ಕೆಳಗಿನ ಲೇಬಲ್ಲೂ ಕಾಗದವೇ. ಎರಡೂ ಒಟ್ಟಿಗೇ ಎದ್ದು ಬರುತ್ತವೆ. ಒಳಗೇನಿದೆ ಎಂದು ತಿಳಿಯಲು ಕೀಳುವ ಅಗತ್ಯವೂ ಇಲ್ಲ. ಹಾಡಿನ ಗೆರೆಗಳು ಮುಗಿದು ಲೇಬಲ್ಲು ಶುರುವಾಗುವ ಮುನ್ನ ಬೆರಳಗಲದ ನುಣುಪಾದ ಉಂಗುರವೊಂದು ಉಳಿಯುತ್ತದೆ. ಸಂಗ್ರಾಹಕರು ಅದನ್ನು ಡೆಡ್ ವ್ಯಾಕ್ಸ್ ಎನ್ನುತ್ತಾರೆ. ಕಿಟಕಿಯ ಬಳಿ ನಿಂತು ತಟ್ಟೆಯನ್ನು ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸಿದರೆ ಅಲ್ಲಿ ಅಂಕಿ ಅಕ್ಷರಗಳು ಬೆಳಕಿಗೆ ಮಿನುಗಿ ಕಾಣುತ್ತವೆ. ಅಚ್ಚುಮನೆಯವರು, ಅಂದರೆ ತಟ್ಟೆ ಒತ್ತುವ ಕಾರ್ಖಾನೆಯವರು ಹಾಕಿದ ಆ ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಬರೆದುಕೊಂಡು ಹುಡುಕಿದರೆ ಕಾಗದ ಮುಚ್ಚಿಟ್ಟ ಹೆಸರು ಐದು ನಿಮಿಷದಲ್ಲಿ ಸಿಗುತ್ತದೆ. ಸುಳ್ಳು ಹೆಸರು ಬರೆದ ಡಿಜೆಗಳು ಮೇಲಿನ ಲೇಬಲ್ಲನ್ನು ಮುಚ್ಚಿದರೂ ಈ ಉಂಗುರವನ್ನು ಮುಚ್ಚಲಾಗುತ್ತಿರಲಿಲ್ಲ. ಮತ್ತೊಬ್ಬ ಡಿಜೆ ಪೆಟ್ಟಿಗೆಯ ಮೇಲೆ ಬಗ್ಗಿದರೆ ಅವರು ತಟ್ಟೆಯನ್ನು ತಟ್ಟನೆ ಲಕೋಟೆಗೆ ಸೇರಿಸುತ್ತಿದ್ದದ್ದು ಅದಕ್ಕೇ.

ಹುಡುಕಿದಾಗ ಅದು ನಿಜಕ್ಕೂ ನೂರಾರು ಪೌಂಡಿನ ತಟ್ಟೆ ಎಂದು ತಿಳಿದರೆ ಏನು ಮಾಡಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಹಿರಿಯರಿಗೆ ತಿಳಿಸಿ. ‘ಇಟ್ಟುಕೋ’ ಎಂದೇ ಅವರು ಅನ್ನಬಹುದು. ಆದರೆ ಮುಂದೊಂದು ದಿನ ಅವರ ಮಕ್ಕಳಿಗೆ ಬೇರೆಯವರಿಂದ ತಿಳಿದರೆ ಅದು ಬೇರೆಯೇ ಮಾತಾಗುತ್ತದೆ.

ಇನ್ನು 450 ಪೌಂಡಿನ ವ್ಯಾಪಾರ. ಹಾಡಿನ ಹೆಸರನ್ನೂ ಸಂತೆಯ ಹೆಸರನ್ನೂ ನೀವು ಬರೆದಿದ್ದೀರಿ. ಮಾರುವವರ ಗುರುತು ಇಲ್ಲಿ ಬೇಡವೆಂದು ಬಿಟ್ಟಿದ್ದೇನೆ. ನೀವು ಕಳುಹಿಸಿದ ಚಿತ್ರಗಳಲ್ಲಿ ನನಗೆ ಕಂಡದ್ದು ನಾಲ್ಕು: ಡೆಡ್ ವ್ಯಾಕ್ಸ್‌ನಲ್ಲಿ ಸಂಖ್ಯೆಯನ್ನು ಕೈಯಿಂದ ಗೀಚಲಾಗಿದೆ, ಅಚ್ಚುಮನೆಯ ಮೊಹರು ಕಾಣುತ್ತಿಲ್ಲ, ಲೇಬಲ್ಲಿನ ಸಣ್ಣ ಅಕ್ಷರಗಳು ಮಸಿ ಕುಡಿದಂತೆ ಉಬ್ಬಿವೆ, ತಟ್ಟೆಯ ಮೈ ಅರುವತ್ತು ವರ್ಷ ಹಳೆಯದೆನ್ನಲು ತೀರಾ ಹೊಳೆಯುತ್ತಿದೆ. ಇವುಗಳಲ್ಲಿ ಯಾವುದೂ ಒಂಟಿಯಾಗಿ ಸಾಕ್ಷಿಯಲ್ಲ. ಕೈಬರಹದ ಸಂಖ್ಯೆ ಇದ್ದ ಮಾತ್ರಕ್ಕೆ ಕಳ್ಳಪ್ರತಿ ಎಂಬುದು ಸಂಗ್ರಾಹಕರಲ್ಲಿ ಹಬ್ಬಿರುವ ಅರ್ಧಸತ್ಯ. ಲಾಸ್ ಏಂಜಲೀಸ್‌ನ ಮೊನಾರ್ಕ್ ಎಂಬ ಅಚ್ಚುಮನೆ ತ್ರಿಕೋನದ ಗುರುತಿನ ಪಕ್ಕದಲ್ಲಿ ಕೈಯಿಂದಲೇ ಸಂಖ್ಯೆ ಬರೆಯುತ್ತಿತ್ತು. ಮಿಷಿಗನ್ನಿನ ಓವಾಸೊದಲ್ಲಿದ್ದ ಅಮೆರಿಕನ್ ರೆಕಾರ್ಡ್ ಪ್ರೆಸ್ಸಿಂಗ್ ಮಾತ್ರ ಎಆರ್‌ಪಿ ಎಂಬ ಮೊಹರನ್ನು ಒತ್ತುತ್ತಿತ್ತು, ಮೋಟೌನ್‌ನ ಬಹಳಷ್ಟು ಕೆಲಸ ಅಲ್ಲಿಯೇ ಆಗುತ್ತಿತ್ತು. ಅಂದರೆ ಈ ಹಾಡಿನ ಮೂಲ ಯಾವ ಅಚ್ಚುಮನೆಯಲ್ಲಿ ತಯಾರಾಯಿತು, ಅಲ್ಲಿಯ ಪದ್ಧತಿ ಏನು ಎಂದು ತಿಳಿದು, ಖಚಿತವಾದ ಮೂಲಪ್ರತಿಯ ಚಿತ್ರದ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಹೋಲಿಕೆಗೆ ಅರ್ಥ.

ಎರಡನೆಯದು ವಸ್ತು. ಅಮೆರಿಕದ ಎಲ್ಲ 45ಗಳೂ ವಿನೈಲ್ ಎಂಬ ಮೆತ್ತನೆಯ ಪ್ಲಾಸ್ಟಿಕ್ಕಿನವಲ್ಲ. ಹಲವು ಅಚ್ಚುಮನೆಗಳು ಅಗ್ಗವಾಗುತ್ತದೆಂದು ಸ್ಟೈರೀನ್ ಎಂಬ ಗಡಸು ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿಗೆ ತುಂಬಿ ತಯಾರಿಸುತ್ತಿದ್ದವು. ಅದನ್ನು ಉಗುರಿನಿಂದ ಮೆಲ್ಲನೆ ತಟ್ಟಿದರೆ ಸದ್ದು ಗಟ್ಟಿಯಾಗಿ ಟಕ್ಕೆನ್ನುತ್ತದೆ, ವಿನೈಲಿನದು ಮಂದ. ಸ್ಟೈರೀನ್ ತಟ್ಟೆಯ ಅಂಚು ಮೊಂಡು, ಲೇಬಲ್ಲನ್ನು ಆಮೇಲೆ ಅಂಟಿಸುವುದರಿಂದ ಅದರ ಅಂಚು ಅಲ್ಲಲ್ಲಿ ಎದ್ದಿರುತ್ತದೆ. ಬಾಗಿಸಿ ನೋಡಲು ಹೋಗಬೇಡಿ, ಸ್ಟೈರೀನ್ ಸೀಳುತ್ತದೆ. ಮೂಲಪ್ರತಿ ಸ್ಟೈರೀನ್ ಎಂದು ಗೊತ್ತಿದ್ದು ಕೈಯಲ್ಲಿರುವುದು ವಿನೈಲ್ ಆಗಿದ್ದರೆ ಚರ್ಚೆ ಅಲ್ಲಿಗೇ ಮುಗಿಯಿತು.

ಮೂರನೆಯದು, ನನ್ನ ಅನುಭವದಲ್ಲಿ ಎಲ್ಲಕ್ಕಿಂತ ನಂಬಬಹುದಾದದ್ದು, ಕಿವಿ. ಈ ಕೆಲಸಕ್ಕೆ ಹೊಸಬನಾಗಿದ್ದಾಗ ಊರ ಸಭಾಂಗಣವೊಂದರಲ್ಲಿ ನಡೆದ ರೆಕಾರ್ಡು ಸಂತೆಯಲ್ಲಿ ಎಂಬತ್ತು ಪೌಂಡ್ ಕೊಟ್ಟು ಒಂದು ತಟ್ಟೆ ಕೊಂಡೆ. ಕನ್ನಡಿಯಂಥ ಮೈ, ಒಂದು ಗೀರೂ ಇರಲಿಲ್ಲ. ಮನೆಗೆ ಬಂದು ಮುಳ್ಳು ಇಟ್ಟೆ. ಮೊದಲ ಡ್ರಮ್ಮಿನ ಏಟಿಗೂ ಮುಂಚೆ, ತುಂಬಾ ಮೆಲ್ಲಗೆ, ದೂರದಲ್ಲಿ ಯಾರೋ ಒಗ್ಗರಣೆ ಹಾಕಿದಂತೆ ಚಟಪಟ ಕೇಳಿಸಿತು. ತಟ್ಟೆಯನ್ನು ಎತ್ತಿ ಒರೆಸಿದೆ, ಮುಳ್ಳಿನ ಧೂಳು ತೆಗೆದೆ, ಮತ್ತೆ ಹಾಕಿದೆ. ಅದೇ ಜಾಗದಲ್ಲಿ ಅದೇ ಸದ್ದು. ಆಗ ಅರ್ಥವಾಯಿತು, ಸದ್ದು ನನ್ನ ತಟ್ಟೆಯ ಮೈಮೇಲಿನದ್ದಲ್ಲ, ಒಳಗಿನದ್ದು. ಮೂಲ ಟೇಪು ಕೈಗೆ ಸಿಗದವರು ಸವೆದ ಮೂಲಪ್ರತಿಯೊಂದನ್ನು ನುಡಿಸಿ ಅದರಿಂದಲೇ ಅಚ್ಚು ತೆಗೆದಿದ್ದರು. ಹಳೆಯ ತಟ್ಟೆಯ ಗಾಯಗಳೂ ಹೊಸದರೊಳಗೆ ಅಚ್ಚಾಗಿದ್ದವು. ನುಣುಪಾದ ತಟ್ಟೆಯಿಂದ ಸವೆದ ತಟ್ಟೆಯ ಸದ್ದು ಬಂದರೆ ಹಣ ಜೇಬಿನಲ್ಲೇ ಇರಲಿ. ಆದ್ದರಿಂದ ಕೊಳ್ಳುವ ಮುನ್ನ ನುಡಿಸಿ ಕೇಳಿಸಿ ಎನ್ನಿ. ತಟ್ಟೆಯ ಸ್ಥಿತಿಗೆ ದರ್ಜೆ ಹೇಳುವವರು ಕಣ್ಣಿನಿಂದ ನೋಡಿ ಹೇಳಿದರೋ ನುಡಿಸಿ ಹೇಳಿದರೋ ಎಂದೂ ಕೇಳಿ. ವಿಶೇಷವಾಗಿ ಸ್ಟೈರೀನ್ ತಟ್ಟೆ ಕಣ್ಣಿಗೆ ಹೊಸದರಂತಿದ್ದೂ, ಭಾರದ ಮುಳ್ಳಿನಿಂದ ಗೆರೆ ಸವೆದು, ಗಾಯಕಿಯ ಸ್ವರ ಏರಿದಾಗಲೆಲ್ಲ ಕರ್ಕಶವಾಗುತ್ತದೆ.

ನಿಮ್ಮ ಮುಂದಿರುವ ದಾರಿಗಳು ಹೀಗಿವೆ. ಅದೇ ತಟ್ಟೆ ಬೇಕೇ ಬೇಕೆಂದಿದ್ದರೆ, ಮೂಲವಲ್ಲವೆಂದು ತಿಳಿದರೆ ಇಂತಿಷ್ಟು ದಿನದೊಳಗೆ ಹಣ ಹಿಂದಿರುಗಿಸುವುದಾಗಿ ಬರವಣಿಗೆಯಲ್ಲಿ ಪಡೆದು ಕೊಳ್ಳಿ. ಪ್ರಾಮಾಣಿಕ ವ್ಯಾಪಾರಿ ಇದಕ್ಕೆ ಹಿಂಜರಿಯುವುದಿಲ್ಲ. ಹಿಂಜರಿದರೆ ನಿಮ್ಮ ಕೆಲಸ ಸುಲಭವಾಯಿತು. ಹಾಡು ಮುಖ್ಯ, ತಟ್ಟೆಯಲ್ಲ ಎಂದಾದರೆ ಅನುಮತಿ ಪಡೆದ ಮರುಮುದ್ರಣ ಕೊಳ್ಳಿ. ಏಸ್ ಸಂಸ್ಥೆಯವರು 1982ರಲ್ಲಿ ಆರಂಭಿಸಿದ ಕೆಂಟ್ ಲೇಬಲ್ ಮೂಲ ಟೇಪುಗಳನ್ನು ಹುಡುಕಿ ಇಂಥ ಹಾಡುಗಳನ್ನು ಹೊರತರುತ್ತಿದೆ. ಎಷ್ಟೋ ಸಲ ಮೂಲ ತಟ್ಟೆಗಿಂತ ಇವುಗಳ ಧ್ವನಿಯೇ ಚೆನ್ನಾಗಿರುತ್ತದೆ; ಕಳ್ಳಪ್ರತಿಯಿಂದ ಹಾಡಿದವರಿಗೆ ನಯಾಪೈಸೆ ಸೇರುವುದಿಲ್ಲ, ಇಲ್ಲಿ ಹಕ್ಕುದಾರರಿಗೆ ಹಣ ಹೋಗುತ್ತದೆ. ಮೂರನೆಯ ದಾರಿ ನಿಧಾನದ್ದು, ನನಗೆ ಇಷ್ಟವಾದದ್ದು: ಆ 450 ಪೌಂಡಿನಲ್ಲಿ ಹತ್ತು ಹದಿನೈದು ಪೌಂಡಿನ ಅಸಲಿ ತಟ್ಟೆಗಳನ್ನು ವರ್ಷವಿಡೀ ಕೊಳ್ಳುವುದು. ಆಗ ಗೆದ್ದು ಲಕ್ಷಗಟ್ಟಲೆ ಮಾರಾಟವಾದ ಸೋಲ್ ಹಾಡುಗಳು ಇಂದಿಗೂ ಅಗ್ಗ, ಅವುಗಳಲ್ಲಿ ಕುಣಿಸುವ ಹಾಡುಗಳಿಗೆ ಬರವಿಲ್ಲ. ಇಪ್ಪತ್ತು ಮೂವತ್ತು ಅಸಲಿ ತಟ್ಟೆ ಕೈಯಲ್ಲಿ ಹಿಡಿದವರ ಬೆರಳಿಗೆ ನಕಲಿ ತಾನಾಗಿ ತಿಳಿಯತೊಡಗುತ್ತದೆ. ಒಂದನ್ನು ಮಾತ್ರ ಈಗ ಮುಟ್ಟಬೇಡಿ: ಅಸಿಟೇಟ್, ಅಂದರೆ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಅರಗಿನಂಥ ಲೇಪ ಬಳಿದು ಒಂದೊಂದಾಗಿ ಕೊರೆದ ತಟ್ಟೆ. ನುಡಿಸಿದಷ್ಟೂ ಸವೆಯುತ್ತದೆ, ಲೇಪ ಚಕ್ಕೆಯೇಳುತ್ತದೆ, ಯಾರು ಯಾವಾಗ ಕೊರೆದದ್ದೆಂದು ತೋರಿಸುವುದೂ ಕಷ್ಟ.

‘ಚಿನ್ನವಿದ್ದಂತೆ’ ಎಂಬ ಮಾತಿಗೆ ಬರುತ್ತೇನೆ. ಅಪರೂಪವೇ ಬೇರೆ, ಬೆಲೆಯೇ ಬೇರೆ. ಐದೇ ಪ್ರತಿ ಉಳಿದಿರುವ, ಐದು ಪೌಂಡಿಗೂ ಯಾರೂ ಕೇಳದ ತಟ್ಟೆಗಳು ನನ್ನ ಕಪಾಟಿನಲ್ಲೇ ಇವೆ, ಏಕೆಂದರೆ ಆ ಹಾಡಿಗೆ ಯಾರೂ ಕುಣಿಯಲಿಲ್ಲ. ಈ ಪೇಟೆಯಲ್ಲಿ ಬೆಲೆ ಕಟ್ಟುವುದು ನೃತ್ಯದ ನೆಲ. ಡಿಜೆ ಒಬ್ಬರು ಒಂದು ಹಾಡನ್ನು ಹಿಡಿದು ವಾರವಾರ ಹಾಕಿ, ನೆಲ ತುಂಬಿದರೆ ಬೆಲೆ ಏರುತ್ತದೆ. ಆ ಹಾಡು ಹಳತಾಗಿ ಬೇರೆಯದು ಬಂದರೆ ಇಳಿಯುತ್ತದೆ. ಎಲ್ಲೋ ಗೋದಾಮಿನಲ್ಲಿ ಬಿಚ್ಚದ ಪೆಟ್ಟಿಗೆಯೊಂದು ಸಿಕ್ಕರೆ ಅಪರೂಪವೆನ್ನುವುದೂ ಒಂದೇ ದಿನಕ್ಕೆ ಮುಗಿಯುತ್ತದೆ, ಇದು ನಡೆದೂ ಇದೆ. ಇದರ ಜೊತೆಗೆ ವಯಸ್ಸಿನ ಲೆಕ್ಕವೊಂದಿದೆ. ವಿಗನ್ ಕಸಿನೊದ ಮೊದಲ ರಾತ್ರಿ 1973ರ ಸೆಪ್ಟೆಂಬರ್ 23. ಅಂದು ಹದಿನೆಂಟು ವರ್ಷವಾಗಿದ್ದವರು ಈಗ ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ನಿಮ್ಮ ನೆರೆಯವರಂತೆ ಅವರು ಮನೆ ಚಿಕ್ಕದು ಮಾಡುತ್ತಿದ್ದಾರೆ, ಜೀವಮಾನದ ಸಂಗ್ರಹಗಳು ಒಂದೊಂದಾಗಿ ಪೇಟೆಗೆ ಬರುತ್ತಿವೆ. ಹೊಸ ಹರೆಯದವರು ಕುಣಿಯಲು ಬರುತ್ತಿದ್ದಾರೆ, ಅದು ನಿಜ. ಆದರೆ ಕುಣಿಯುವವರೆಲ್ಲ ಕೊಳ್ಳುವವರಲ್ಲ. ತುತ್ತತುದಿಯ ಕೆಲವು ತಟ್ಟೆಗಳ ಬೆಲೆ ನಿಂತೀತು, ಏರಲೂಬಹುದು. ನಡುವಿನ 450 ಪೌಂಡಿನವುಗಳ ಬಗ್ಗೆ ನಾನು ಅಂಥ ಭರವಸೆ ಕೊಡಲಾರೆ. ಕಳೆದುಹೋದರೂ ಸಂಸಾರಕ್ಕೆ ತಟ್ಟದಷ್ಟು ಹಣವನ್ನು ಮಾತ್ರ ಇದಕ್ಕೆ ಹಾಕಿ.

ಈಗ ಕುಣಿತ. ನಿಮ್ಮ ಅಂಜಿಕೆ ಅಲ್ಲಿ ಎಲ್ಲರೂ ಬಿಳಿಯ ಹಿರಿಯರೇ ಇರುತ್ತಾರೆ ಎಂಬುದಾದರೆ, ಬಹುಪಾಲು ಹೌದು. ಆದರೆ ಇದು ಕರಿಯರ ಸಂಗೀತಕ್ಕೆ ಶರಣಾದವರ ಕೂಟ. ಅವರ ಬಟ್ಟೆಯ ಬ್ಯಾಡ್ಜುಗಳ ಮೇಲಿನ ಬಿಗಿಮುಷ್ಟಿಯೇ ಅಮೆರಿಕದ ಕರಿಯರ ಹೋರಾಟದಿಂದ ಬಂದದ್ದು, ಪಕ್ಕದಲ್ಲಿ ‘ಕೀಪ್ ದ ಫೇತ್’ ಎಂದು ಬರೆದಿರುತ್ತದೆ. ಅಮೆರಿಕದಲ್ಲಿ ಮರೆತುಹೋಗಿದ್ದ ಗಾಯಕರು ಇಲ್ಲಿಗೆ ಬಂದು, ತಮ್ಮ ಸೋತ ಹಾಡನ್ನು ಇಡೀ ಸಭಾಂಗಣ ಬಾಯಿಪಾಠದಲ್ಲಿ ಹಾಡುವುದನ್ನು ಕಂಡು ಬೆರಗಾದದ್ದುಂಟು. ರಿಕ್‌ಟಿಕ್‌ನಲ್ಲಿ ಹಾಡುತ್ತಿದ್ದ ಎಡ್ವಿನ್ ಸ್ಟಾರ್ ಇಂಗ್ಲೆಂಡಿನಲ್ಲೇ ನೆಲೆ ನಿಂತು 2003ರಲ್ಲಿ ಇಲ್ಲೇ ತೀರಿಕೊಂಡರು. ಅಲ್ಲಿ ಮುಖ ನೋಡಿ ಅಳೆಯುವುದಕ್ಕಿಂತ, ಬಂದವರು ಹಾಡು ಕೇಳಲು ಬಂದರೋ ಹರಟಲು ಬಂದರೋ ಎಂದು ಅಳೆಯುವುದೇ ಹೆಚ್ಚು.

ಮಾತ್ರೆಗಳ ಬಗ್ಗೆಯೂ ನೀವು ಓದಿರುತ್ತೀರಿ. ಅದು ಕಟ್ಟುಕಥೆಯಲ್ಲ, ರಾತ್ರಿಯಿಡೀ ಕುಣಿಯಲು ಆಂಫೆಟಮಿನ್ ಎಂಬ ನಿದ್ದೆಗೆಡಿಸುವ ಮಾತ್ರೆ ನುಂಗುತ್ತಿದ್ದವರು ಆಗ ಬಹಳ, ಸ್ಟೋಕ್‌ನ ಟಾರ್ಚ್ ಕ್ಲಬ್ಬು 1973ರಲ್ಲಿ ಮುಚ್ಚಿದ್ದಕ್ಕೆ ಅದೂ ಒಂದು ಕಾರಣ. ಆದರೆ ಇಡೀ ಕೂಟವೇ ಮದ್ಯ ಮಾತ್ರೆಯ ಮೇಲೆ ನಿಂತಿತ್ತೆಂಬುದು ಸುಳ್ಳು. ವಿಗನ್‌ನ ಆ ರಾತ್ರಿಗಳಲ್ಲಿ ಮದ್ಯ ಮಾರುತ್ತಲೇ ಇರಲಿಲ್ಲ, ಬೆಳಗಿನ ಎಂಟಕ್ಕೆ ಮುನ್ನ ಪ್ರತಿ ವಾರವೂ ಅವೇ ಮೂರು ಹಾಡು ಹಾಕಿ ಮುಗಿಸುತ್ತಿದ್ದರು. ಇಂದಿನ ಹೆಚ್ಚಿನ ಕೂಟಗಳು ಕಾರ್ಮಿಕರ ಕ್ಲಬ್ಬುಗಳಲ್ಲಿ ಸಂಜೆ ಆರಂಭವಾಗಿ ನಡುರಾತ್ರಿಯ ಹೊತ್ತಿಗೆ ಮುಗಿಯುತ್ತವೆ. ಮೊದಲ ಸಲ ಅಂಥದಕ್ಕೇ ಹೋಗಿ, ಬೆಳತನಕದ ‘ಆಲ್‌ನೈಟರ್’ ಆಮೇಲಿರಲಿ.

ನಿಮ್ಮ ಮನೆಯವರಿಗೆ ಹೇಳಿ: ಇಲ್ಲಿ ಜೋಡಿಯಿಲ್ಲ, ಕಲಿಸುವ ಗುರುವೂ ಇಲ್ಲ, ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಕುಣಿಯುತ್ತಾರೆ. ಅರೆಮಂಡಿಯಲ್ಲಿ ನೆಲವನ್ನು ತಟ್ಟಿ ರೂಢಿಯಾದ ಪಾದಕ್ಕೆ ಇಲ್ಲಿ ತಟ್ಟುವುದನ್ನು ಮರೆತು ಜಾರುವುದನ್ನು ಕಲಿಯಬೇಕಾಗುತ್ತದೆ. ಮಂಡಿ ಸಡಿಲ, ಮೈ ನೆಟ್ಟಗೆ, ಹೆಜ್ಜೆ ಎಡಕ್ಕೂ ಬಲಕ್ಕೂ ತೇಲುತ್ತದೆ. ತಾಳಜ್ಞಾನ ಇರುವವರಿಗೆ ಎರಡು ಹಾಡಿನಷ್ಟು ಹೊತ್ತು ಸಾಕು. ವಿಡಿಯೊಗಳಲ್ಲಿ ಕಾಣುವ ಗಿರಕಿ, ಹಿಂದಕ್ಕೆ ಬಿದ್ದೇಳುವುದು, ತಲೆಯೆತ್ತರದ ಒದೆತ ಎಲ್ಲರೂ ಮಾಡುವುದಲ್ಲ, ಎಲ್ಲ ಹೊತ್ತೂ ಮಾಡುವುದೂ ಅಲ್ಲ. ಮುಖ್ಯವಾದದ್ದು ಚಪ್ಪಟೆಯಾದ, ಚರ್ಮದ ಅಟ್ಟೆಯ ಬೂಟು. ರಬ್ಬರಿನ ಅಟ್ಟೆ ಮರದ ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಮೈ ತಿರುಗಿದರೂ ಪಾದ ತಿರುಗುವುದಿಲ್ಲ. ಆಗ ಮಂಡಿಗೆ ಏನಾಗುತ್ತದೆಂದು ಆಸ್ಪತ್ರೆಯಲ್ಲಿರುವ ನಿಮಗೆ ನಾನು ಹೇಳಬೇಕಿಲ್ಲ. ನೆಲ ಜಾರಲೆಂದು ಟಾಲ್ಕಂ ಪೌಡರು ಚೆಲ್ಲುವ ಹಳೆಯ ರೂಢಿಯನ್ನು ಕೆಲವು ಸಭಾಂಗಣಗಳವರು ಒಪ್ಪುವುದಿಲ್ಲ, ಕೇಳಿಕೊಂಡು ಮಾಡಿ. ಲೋಟ ಹಿಡಿದು ನೆಲದೊಳಗೆ ಕಾಲಿಡುವುದು, ಕುಣಿಯುವವರ ನಡುವೆ ಅಡ್ಡ ಹಾಯುವುದು ಇವೆರಡೂ ಅಲ್ಲಿ ದೊಡ್ಡ ತಪ್ಪು. ಹಾಡು ಮುಗಿದಾಗ ಚಪ್ಪಾಳೆ ಕೇಳಿಸಿದರೆ ಅದು ಕುಣಿದವರಿಗಲ್ಲ, ಹಾಡಿಗೆ, ನೀವೂ ಸೇರಿಕೊಳ್ಳಿ. ಡಿಜೆಗಳ ನಡುವೆ ಮೂಲಪ್ರತಿಯನ್ನೇ ಹಾಕಬೇಕು, ಮರುಮುದ್ರಣ ಹಾಕಬಾರದು ಎಂಬ ಬಿಗಿ ನೇಮವಿದೆ. ಕುಣಿಯುವವರನ್ನು ‘ನಿಮ್ಮ ಹತ್ತಿರ ಎಷ್ಟು ತಟ್ಟೆ ಇದೆ’ ಎಂದು ಯಾರೂ ಕೇಳುವುದಿಲ್ಲ.

ಕುಂದಾಪುರದ ಹವೆಯ ಬಗ್ಗೆ: ತೇವಕ್ಕೆ ಹೆದರಬೇಕಾದದ್ದು ತಟ್ಟೆಯಲ್ಲ, ಕಾಗದ. ಆಷಾಢದಲ್ಲಿ ಕಪಾಟಿನ ಪುಸ್ತಕಕ್ಕೆ ಹಿಡಿಯುವ ಬೂಷ್ಟು ಲೇಬಲ್ಲಿಗೂ ಲಕೋಟೆಗೂ ಹಿಡಿಯುತ್ತದೆ, ಅಲ್ಲಿಂದ ಗೆರೆಯೊಳಕ್ಕೆ ಇಳಿಯುತ್ತದೆ. ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ, ಹೊರಗೋಡೆಗೆ ತಾಗದಂತೆ, ನೆಲದಿಂದ ಎತ್ತರದಲ್ಲಿ, ಗಾಳಿಯಾಡುವ ಕಪಾಟಿನಲ್ಲಿಡಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಚೀಲಗಳನ್ನು ಬದಲಿಸುತ್ತಿರಿ. ಲಕೋಟೆಗಳು ಪಾಲಿಥೀನ್ ಆಗಿರಲಿ. ಮೆತ್ತನೆಯ ಪಿವಿಸಿ ಲಕೋಟೆ ಸೆಕೆಗೆ ಬೆವರಿದಂತಾಗಿ ತಟ್ಟೆಯ ಮೇಲೆ ಮಂಜಿನಂಥ ಕಲೆ ಬಿಡುತ್ತದೆ, ಅದು ಒರೆಸಿದರೆ ಹೋಗುವುದಿಲ್ಲ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಪೆಟ್ಟಿಗೆಯನ್ನು ಅರ್ಧ ಗಂಟೆಯೂ ಬಿಡಬೇಡಿ. ವಿಮಾನದಲ್ಲಿ ತರುವಾಗ ಕೈಚೀಲದಲ್ಲೇ ತನ್ನಿ. ಅಮೆರಿಕದ ತಟ್ಟೆಗಳ ನಡುವಿನ ತೂತು ದೊಡ್ಡದು, ಒಂದೂವರೆ ಅಂಗುಲದಷ್ಟು; ಅದಕ್ಕೆ ಕೂರಿಸುವ ಅಡಾಪ್ಟರನ್ನು ಇಂಗ್ಲೆಂಡಿನಿಂದಲೇ ಎರಡು ಮೂರು ತಂದುಕೊಳ್ಳಿ.

ಕೊನೆಯದಾಗಿ, ಹಲವು ಲೇಬಲ್ಲುಗಳ ಮೇಲೆ ಹಿರಿಯರು ಬಾಲ್‌ಪೆನ್ನಿನಿಂದ ತಮ್ಮ ಹೆಸರಿನ ಮೊದಲಕ್ಷರ ಬರೆದಿದ್ದಾರೆ, ಅಳಿಸಿದರೆ ಬೆಲೆ ಹೆಚ್ಚುತ್ತದೆಯೇ ಎಂದು ಚಿತ್ರದ ಕೆಳಗೆ ಕೇಳಿದ್ದೀರಿ. ಬರಹವಿದ್ದರೆ ಬೆಲೆ ಸ್ವಲ್ಪ ಕಡಿಮೆ, ಉಜ್ಜಿ ಅಳಿಸಿದ ಗುರುತಿದ್ದರೆ ಇನ್ನೂ ಕಡಿಮೆ. ರಾತ್ರಿ ಕಸಿನೊದ ಕತ್ತಲಲ್ಲಿ ತಟ್ಟೆಗಳು ಕೈಯಿಂದ ಕೈಗೆ ಹೋಗುವಾಗ ತನ್ನದು ಯಾವುದೆಂದು ತಿಳಿಯಲೆಂದೇ ಹಾಗೆ ಬರೆಯುತ್ತಿದ್ದರು. ಅವರು ಮನೆ ಬಿಡುವ ಮೊದಲು ಒಂದು ಸಂಜೆ ಪೆಟ್ಟಿಗೆಯೊಡನೆ ಅವರ ಬಳಿ ಕುಳಿತು, ಯಾವುದನ್ನು ಎಲ್ಲಿ, ಯಾರಿಂದ ಕೊಂಡದ್ದೆಂದು ಕೇಳಿ, ಆಯಾ ಲಕೋಟೆಯ ಒಳಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಬಿಳಿ ಕಾಗದದ ತಟ್ಟೆಯಿಂದಲೇ ಶುರುಮಾಡಿ.